ಹದಿನಾರನೇ ಬೆಡ್ಡಿನ ಸರದಿ

೩ ಫೆಬ್ರವರಿ

ಲೋ ಗೂಬೆ,

ಕಾಗದ ನೋಡಿ ಗಾಬರಿಯಾಗಬೇಡ, ಯಾರಿಗೂ ಏನೂ ಆಗಿಲ್ಲ. ಫೋನಿನಲ್ಲಿ ನಾವಿಬ್ಬರೂ ಎರಡು ನಿಮಿಷ ನೆಟ್ಟಗೆ ಮಾತಾಡಿದ್ದು ನನಗಂತೂ ನೆನಪಿಲ್ಲ. ಮೂರನೇ ನಿಮಿಷಕ್ಕೆ ನೀನು 'ಸರಿ ಬಿಡು' ಅನ್ನುತ್ತೀಯ, ನಾನು ಫೋನ್ ಕುಕ್ಕುತ್ತೇನೆ, ಆಮೇಲೆ ಎರಡು ತಿಂಗಳು ಮುನಿಸು. ಕಾಗದದಲ್ಲಾದರೆ ನಡುವೆ ಬಾಯಿ ಹಾಕಲು ನಿನಗೆ ಆಗುವುದಿಲ್ಲ. ಅಮ್ಮ ತೀರಿಕೊಂಡ ವರ್ಷವೂ ಹೀಗೆ ಬರೆದುಕೊಂಡೇ ಅಲ್ಲವೇ ನಾವು ಮತ್ತೆ ಮಾತಿಗೆ ಬಂದದ್ದು?

ಅಪ್ಪ ಹೊಲಿಗೆ ಅಂಗಡಿಗೆ ಅಳತೆ ಕೊಡಲು ಬಂದವರಿಗೆಲ್ಲ ಹೇಳುತ್ತಿದ್ದಾರೆ, 'ನನ್ನ ಮಗ ಆಸ್ಪತ್ರೆಗೆ ಮಿಷನ್ ಮಾಡ್ತಿದಾನೆ' ಅಂತ. ಏನು ಮಿಷನ್ ಎಂದು ಕೇಳಿದರೆ ಅವರಿಗೂ ಗೊತ್ತಿಲ್ಲ. ನನಗೂ ಒಂದು ಮಾಡಿಕೊಡು ಮಾರಾಯ. ನನ್ನ ವಾರ್ಡಿನಲ್ಲಿ ಹದಿನಾರು ಬೆಡ್, ಒಂದೊಂದರ ತಲೆಯ ಹತ್ತಿರ ಒಂದೊಂದು ಮಾನಿಟರ್, ಒಂದೊಂದಕ್ಕೂ ಒಂದು ಅಲಾರಂ. ಬೆರಳಿನ ಕ್ಲಿಪ್ ಜಾರಿದರೆ ಕೂಗು, ಪೇಷಂಟ್ ಮಗ್ಗಲು ಬದಲಿಸಿದರೆ ಕೂಗು. ನಿಜವಾಗಿ ಎದೆ ನಿಂತರೂ ಅದೇ ಕೂಗು. ಮೂರನೇ ಬೆಡ್ಡಿಗೆ ಹೊರಟರೆ ಒಂಬತ್ತು ಕೂಗುತ್ತದೆ, ಒಂಬತ್ತರ ಕಡೆ ತಿರುಗಿದರೆ ನಾಲ್ಕು. ನಿನ್ನೆ ಬೆಳಗ್ಗೆ ಹತ್ತರಿಂದ ಹನ್ನೊಂದರವರೆಗೆ ಓಡಿದ್ದೇ ಓಡಿದ್ದು. ಕೊನೆಗೆ ನೋಡಿದರೆ ಒಂದೇ ಒಂದು ಇಂಜೆಕ್ಷನ್ ಕೊಟ್ಟಿರಲಿಲ್ಲ! ತಲೆ ಚಿಟ್ಟು ಹಿಡಿದುಹೋಯಿತು.

ರಿಟೈರಾದ ನಮ್ಮ ದೊಡ್ಡ ಸಿಸ್ಟರ್ ಇಂಥ ದಿನಕ್ಕೆಂದೇ ಒಂದು ಕ್ರಮ ಕಲಿಸಿಹೋಗಿದ್ದಾರೆ. 'ಕೂಗಿದ ಕಡೆಗೆಲ್ಲ ಓಡಬೇಡ ಕಣೇ. ಅಲಾರಂ ಎಲ್ಲಾ ಆಫ್ ಮಾಡು, ಒಂದನೇ ಬೆಡ್ಡಿಂದ ಸಾಲಾಗಿ ನಡಿ. ಒಂದೊಂದು ಬೆಡ್ಡಲ್ಲಿ ಇಷ್ಟೇ ಹೊತ್ತು ಅಂತ ನಿಲ್ಲು.' ನಡುವೆ ಯಾರಾದರೂ ಕರೆದು ಸುತ್ತು ಅರ್ಧಕ್ಕೆ ನಿಂತರೆ, ನಿಂತ ಬೆಡ್ಡಿನ ಕಂಬಿಗೆ ಒಂದು ಕೆಂಪು ಬಟ್ಟೆಯ ಪಟ್ಟಿ ಕಟ್ಟಿ ಹೋಗಬೇಕು. ಮುಂದಿನ ಸುತ್ತು ಅಲ್ಲಿಂದ. ಪಟ್ಟಿಗೆ ಅಂಚು ಹೊಲಿದುಕೊಟ್ಟವರು ಅಪ್ಪನೇ. ಮೊನ್ನೆ ಹೊಸ ಡಾಕ್ಟರು ಅದನ್ನು ಕರವಸ್ತ್ರ ಅಂದುಕೊಂಡು ಬಿಚ್ಚಿ, ಚೆನ್ನಾಗಿ ಮೂಗು ಒರೆಸಿ, ಮಡಚಿ ಜೇಬಿಗೆ ಇಟ್ಟುಕೊಂಡುಬಿಟ್ಟರು. ನಾವು ನಾಲ್ಕು ಜನ ನರ್ಸುಗಳು ನಗು ತಡೆಯಲಾರದೆ ಸ್ಟೋರ್ ರೂಮಿಗೆ ಓಡಿದೆವು.

ಅಪ್ಪ ಚೆನ್ನಾಗಿದ್ದಾರೆ. ಸ್ವಲ್ಪ ಕೆಮ್ಮು, ಅಷ್ಟೆ.

ನಿನ್ನ ಅಕ್ಕ

೧೪ ಫೆಬ್ರವರಿ

ಅಕ್ಕಾ,

ಡಾಕ್ಟರ ಮೂಗಿನ ಕಥೆಯನ್ನು ನಮ್ಮ ಲ್ಯಾಬಿನಲ್ಲಿ ಎಲ್ಲರಿಗೂ ಓದಿ ಹೇಳಿದೆ. ನಕ್ಕು ಸಾಕಾಯಿತು. ಆದರೆ ನಿನ್ನ ಕಾಗದದಲ್ಲಿ ನನ್ನ ನಿದ್ದೆ ಕೆಡಿಸಿದ್ದು ಬೇರೆಯದೇ ಒಂದು ಸಾಲು. ಹತ್ತರಿಂದ ಹನ್ನೊಂದರವರೆಗೆ ಓಡಿದೆ, ಒಂದು ಇಂಜೆಕ್ಷನ್ನೂ ಕೊಡಲಿಲ್ಲ ಅಂದೆಯಲ್ಲ, ನನ್ನ ಮಿಷನ್ನಿಗೂ ಅಕ್ಷರಶಃ ಅದೇ ಕಾಯಿಲೆ.

ನಾನು ಮಾಡುತ್ತಿರುವುದು ನಿನ್ನಂಥ ವಾರ್ಡಿಗೇ. ಹದಿನಾರು ಬೆಡ್ಡಿನ ಮಾನಿಟರುಗಳಿಂದ ಹದಿನಾರು ಕೇಬಲ್ ಒಂದು ಪೆಟ್ಟಿಗೆಗೆ ಬರುತ್ತವೆ. ಪೆಟ್ಟಿಗೆ ಎಲ್ಲರ ನಾಡಿ, ಉಸಿರು, ಎದೆಬಡಿತದ ಗೆರೆ ಎಲ್ಲವನ್ನೂ ನರ್ಸ್ ಟೇಬಲ್ಲಿನ ಒಂದೇ ಪರದೆಯಲ್ಲಿ ತೋರಿಸಬೇಕು. ಕೇಬಲ್ಲಿನಲ್ಲಿ ಒಂದು ತುಣುಕು ಸುದ್ದಿ ಬಂದ ಕೂಡಲೇ ನೆಟ್‌ವರ್ಕ್ ಕಾರ್ಡು ಪ್ರೊಸೆಸರನ್ನು ಕೂಗಿ ಎಬ್ಬಿಸುತ್ತದೆ. ಇದಕ್ಕೆ ಇಂಟರಪ್ಟ್ ಅನ್ನುತ್ತೇವೆ. ಪ್ರೊಸೆಸರ್ ಕೈಲಿದ್ದ ಕೆಲಸ ಬಿಟ್ಟು ಓಡುತ್ತದೆ, ಸುದ್ದಿ ಎತ್ತಿಟ್ಟು ವಾಪಸು ಬರುವಷ್ಟರಲ್ಲಿ ಇನ್ನೊಂದು ಕೂಗು. ಸೆಕೆಂಡಿಗೆ ಸಾವಿರಾರು ಕೂಗು ಬಂದರೆ ಅದು ಬರೀ ಎದ್ದು ಕೂರುವುದರಲ್ಲೇ ಮುಗಿಯಿತು. ತಂದಿಟ್ಟ ಸುದ್ದಿಯನ್ನು ಪರದೆಗೆ ಬರೆಯಲು ಪುರುಸೊತ್ತೇ ಇಲ್ಲ, ಕೊಳೆತದ್ದನ್ನು ಎಸೆಯುತ್ತದೆ. ಒಳಗೆ ಬೆವರು ಸುರಿಸಿ ದುಡಿಯುತ್ತಿದೆ, ಹೊರಗೆ ಪರದೆ ಸತ್ತು ಬಿದ್ದಿದೆ.

ನಮ್ಮ ಮ್ಯಾನೇಜರು, 'ಒಂದಕ್ಕಾಗದಿದ್ರೆ ನಾಲ್ಕು ಪ್ರೊಸೆಸರ್ ಇದಾವಲ್ರೀ, ಹಂಚಿ' ಅಂದರು. ಹಂಚಿದೆ. ಈಗ ನಾಲ್ಕೂ ಒಟ್ಟಿಗೆ ಎದ್ದು ಓಡಿದವು. ಸುದ್ದಿ ಬರೆದಿಡುವ ಪುಸ್ತಕ ಒಂದೇ. ಅದನ್ನು ಒಬ್ಬ ಹಿಡಿದಿದ್ದರೆ ಮಿಕ್ಕ ಮೂವರು ಬಾಗಿಲಲ್ಲಿ ನಿಂತು ಕಾಯಬೇಕು. ನಾಲ್ಕು ಜನ ಸೇರಿ ಒಬ್ಬನಿಗಿಂತ ಕಡಿಮೆ ಕೆಲಸ ಮಾಡಿದರು. ಮೂರು ವಾರ ಹಾಳಾಯಿತು.

ಈಗ ನಿನ್ನ ದೊಡ್ಡ ಸಿಸ್ಟರ್ ಕ್ರಮವನ್ನು ಕದ್ದಿದ್ದೇನೆ. ಮೊದಲ ಕೂಗಿಗೆ ಏಳುವುದು. ಎದ್ದ ತಕ್ಷಣ ಎಲ್ಲ ಕೂಗನ್ನೂ ಮುಚ್ಚಿಬಿಡುವುದು. ಒಂದು ಪ್ರೊಸೆಸರ್ ಒಂದನೇ ಕೇಬಲ್ಲಿನಿಂದ ಸಾಲಾಗಿ ಹೋಗಿ 'ಏನಾದರೂ ಇದೆಯಾ?' ಎಂದು ತಾನೇ ಕೇಳುವುದು. ಒಂದು ಸುತ್ತಿಗೆ ಇಷ್ಟೇ ತುಣುಕು ಎಂದು ಮಿತಿ. ಮಿತಿ ಮುಗಿದರೆ ಪರದೆಯ ಕೆಲಸಕ್ಕೆ ದಾರಿ ಬಿಟ್ಟು, ಮತ್ತೆ ಸುತ್ತು. ಇದಕ್ಕೆ ನಮ್ಮವರು ಪೋಲಿಂಗ್ ಅನ್ನುತ್ತಾರೆ. ನಿನ್ನೆ ಮೊದಲ ಸಲ ಓಡಿಸಿದೆ. ಎಷ್ಟು ಸುದ್ದಿ ಸುರಿದರೂ ಪರದೆ ನಡುಗಲಿಲ್ಲ! ನಿನಗೆ ಫೋನ್ ಮಾಡೋಣ ಅನ್ನಿಸಿತು, ಜಗಳವಾಗುತ್ತದೆಂದು ಬಿಟ್ಟೆ.

ಅಪ್ಪನಿಗೆ ಕೆಮ್ಮಿನ ಔಷಧಿ ಕೊಡಿಸು.

ನಿನ್ನ ತಮ್ಮ

೨ ಮಾರ್ಚ್

ಲೋ ಗೂಬೆ,

ದೊಡ್ಡ ಸಿಸ್ಟರಿಗೆ ನಿನ್ನ ಕಾಗದ ಓದಿ ಹೇಳಿದೆ. 'ನಲವತ್ತು ವರ್ಷ ನಡೆದು ಮಂಡಿ ಸವೆಸ್ಕೊಂಡೆ, ಅದನ್ನ ಡಬ್ಬಿಗೆ ತುಂಬಿಬಿಟ್ನಾ ನಿನ್ನ ತಮ್ಮ?' ಎಂದು ನಕ್ಕರು. ನಾನು ಹೊರಡುವಾಗ ಬಾಗಿಲಿನವರೆಗೂ ಬಂದು ಒಂದು ಮಾತು ಕೇಳಿದರು, ಅದನ್ನು ನಿನಗೆ ಕೇಳಬೇಕಂತೆ: ಒಂದು ಸುತ್ತಿಗೆ ಇಷ್ಟೇ ಎಂದು ಮಿತಿ ಇಟ್ಟಿದ್ದೀಯಲ್ಲ, ಮಿತಿ ಎಂಟನೇ ಬೆಡ್ಡಿಗೇ ಮುಗಿದುಹೋದರೆ ನಿನ್ನ ಡಬ್ಬಿ ಏನು ಮಾಡುತ್ತದೆ? ಸುಸ್ತಾಗಿ ಎಲ್ಲಿ ಕೂರುತ್ತದೆ, ಮತ್ತೆ ಎಲ್ಲಿಂದ ಏಳುತ್ತದೆ?

ನನಗೆ ನಿನ್ನ ವಿದ್ಯೆ ತಿಳಿಯದು. ಅವರು ಕೇಳು ಅಂದರು, ಕೇಳಿದ್ದೇನೆ. ಮರೆಯದೆ ಉತ್ತರ ಬರೆ.

ಅಪ್ಪ ಚೆನ್ನಾಗಿದ್ದಾರೆ. ಈಚೆಗೆ ಅಂಗಡಿಯ ಮೆಟ್ಟಿಲು ಹತ್ತುವಾಗ ನಡುವೆ ಒಮ್ಮೆ ನಿಲ್ಲುತ್ತಾರೆ. ವಯಸ್ಸಾಯಿತಲ್ಲ.

ನಿನ್ನ ಅಕ್ಕ

೧೧ ಮಾರ್ಚ್

ಅಕ್ಕಾ,

ಮಿಷನ್ನಿಗೆ ಸುಸ್ತಾಗುವುದಿಲ್ಲ ಎಂದು ದೊಡ್ಡ ಸಿಸ್ಟರಿಗೆ ಹೇಳು. ಅದಕ್ಕೆ ಮಂಡಿ ಇಲ್ಲ. ಒಂದು ಸೆಕೆಂಡಿಗೆ ಸಾವಿರ ಸುತ್ತು ಹಾಕುತ್ತದೆ. ಈ ಸುತ್ತಿನಲ್ಲಿ ಸಿಗದ ಬೆಡ್ಡು ಮುಂದಿನ ಸುತ್ತಿನಲ್ಲಿ ಸಿಗುತ್ತದೆ, ಕಣ್ಣು ಮಿಟುಕಿಸುವಷ್ಟರಲ್ಲಿ.

ಸಿಹಿ ಸುದ್ದಿ: ಏಪ್ರಿಲ್ ಮೊದಲ ವಾರ ಪೆಟ್ಟಿಗೆ ಹತ್ತೊಂಬತ್ತು ಆಸ್ಪತ್ರೆಗಳಿಗೆ ಹೋಗುತ್ತಿದೆ, ನಿಮ್ಮದೂ ಅದರಲ್ಲಿ ಒಂದು. ಪಟ್ಟಿಯಲ್ಲಿ ನಿಮ್ಮ ಆಸ್ಪತ್ರೆಯ ಹೆಸರು ನೋಡಿ ಎದ್ದು ಒಂದು ಸುತ್ತು ನಡೆದುಬಂದೆ. ಕೊನೆಯ ಪರೀಕ್ಷೆಯಲ್ಲಿ ಹದಿನೈದು, ಹದಿನಾರನೇ ಕೇಬಲ್ಲಿನಲ್ಲಿ ಸ್ವಲ್ಪ ಸುದ್ದಿ ಬಿದ್ದುಹೋಗಿತ್ತು. ಕೇಬಲ್ ಹಳೆಯದು, ಬದಲಿಸಿದ್ದೇವೆ. ತಾರೀಖು ತಲೆಯ ಮೇಲಿದೆ.

ಪೆಟ್ಟಿಗೆ ಬಂದ ಮೇಲೆ ಬೆಡ್ಡಿನ ಹತ್ತಿರದ ಅಲಾರಂಗಳನ್ನು ಧೈರ್ಯವಾಗಿ ಆರಿಸಿಬಿಡು. ಪಾಪ, ಪೇಷಂಟುಗಳು ನಿದ್ದೆ ಮಾಡಲಿ. ಏನೇ ಆದರೂ ನಿನ್ನ ಟೇಬಲ್ಲಿನಲ್ಲಿ ಕೂಗುತ್ತದೆ. ನೀನೂ ಒಂದು ಗಳಿಗೆ ಕೂತುಕೋ ಅಕ್ಕಾ. ನಿನಗಾಗಿಯೇ ಮಾಡಿದ್ದು ಅಂದುಕೋ.

ನಿನ್ನ ತಮ್ಮ

೨೦ ಏಪ್ರಿಲ್

ನನ್ನ ಜಾಣ ಗೂಬೆಗೆ,

ನಿನ್ನ ಡಬ್ಬಿ ಬಂತು. ವಾರ್ಡಿನಲ್ಲಿ ಎಂಥ ಮೌನ ಅಂತೀಯ! ಮೊದಲ ಎರಡು ದಿನ ನಮಗೇ ಭಯವಾಯಿತು, ಎಲ್ಲರೂ ಹೋಗಿಬಿಟ್ಟರೇನೋ ಅಂತ. ನಾನು ಬೆಡ್ ಬೆಡ್ಡಿಗೂ ಹೋಗಿ ಅಲಾರಂ ಆರಿಸಿ ಬಂದೆ. ಟೇಬಲ್ಲಿನ ಪರದೆಯಲ್ಲಿ ಹದಿನಾರು ಚೌಕ, ಒಂದೊಂದರಲ್ಲಿ ಒಂದು ಹಸಿರು ಗೆರೆ, ನಾಡಿಯ ಒಂದು ಅಂಕಿ. ಕೂತಲ್ಲೇ ಇಡೀ ವಾರ್ಡು ಕಾಣುತ್ತದೆ. ಮೊದಲ ಎಂಟು ಬೆಡ್ಡಿಗೆ ಹೊಸ ಮಾನಿಟರ್ ಬಂದಿವೆ, ಅವುಗಳ ಗೆರೆ ಇನ್ನೂ ಚೆಂದ. ಈಗ ಸುತ್ತು ಹೊಡೆಯುವುದೆಲ್ಲ ಡಬ್ಬಿಯದೇ ಕೆಲಸವಾದ್ದರಿಂದ ಕೆಂಪು ಪಟ್ಟಿ ಒಗೆದು ಡ್ರಾಯರಿನಲ್ಲಿಟ್ಟಿದ್ದೇನೆ.

ಹದಿನಾರನೇ ಬೆಡ್ಡಿಗೆ ಒಬ್ಬ ಮುದುಕ ಬಂದಿದ್ದಾನೆ. ಕಿಟಕಿಯ ಪಕ್ಕದ್ದು, ಕೊನೆಯದು. ಬೆಳಕು ಬೇಕೇ ಬೇಕು ಎಂದು ಹಠ ಹಿಡಿದು ಆ ಬೆಡ್ಡನ್ನೇ ಕೇಳಿ ಪಡೆದುಕೊಂಡ. ಬೆಡ್‌ಶೀಟಿನ ಹೊಲಿಗೆ ನೋಡಿ ನಮಗೆಲ್ಲ ಬೈಯುತ್ತಾನೆ. 'ಇದನ್ನ ಹೊಲ್ದವನಿಗೆ ಕೈಯಿದ್ಯಾ ಕಾಲಿದ್ಯಾ?' ಅಂತಾನೆ. ಬರೀ ಪರೀಕ್ಷೆಗೆ ಸೇರಿಸಿಕೊಂಡದ್ದು, ಭಯವೇನಿಲ್ಲ ಅಂದಿದ್ದಾರೆ ಡಾಕ್ಟರು. ಎದೆಯಲ್ಲಿ ಏನೋ ಸ್ವಲ್ಪ. ಮನೆಯವರಿಗೆ ಹೇಳಬೇಡಿ ಎಂದು ನಮ್ಮ ಕೈಯಲ್ಲಿ ಆಣೆ ಹಾಕಿಸಿಕೊಂಡಿದ್ದಾನೆ, ಎಲ್ಲೋ ದೂರ ಇರುವ ಮಗನ ಕೆಲಸ ಕೆಡುತ್ತದಂತೆ. ಎಂಥ ಹಠಮಾರಿ ನೋಡು.

ಅಪ್ಪ ಚೆನ್ನಾಗಿದ್ದಾರೆ.

ನಿನ್ನ ಅಕ್ಕ

೨೮ ಏಪ್ರಿಲ್

ಅಕ್ಕಾ,

ಆತುರದಲ್ಲಿ ನಾಲ್ಕು ಸಾಲು. ಹತ್ತೊಂಬತ್ತು ಆಸ್ಪತ್ರೆಗಳಲ್ಲಿ ಎಲ್ಲಿಂದಲೂ ದೂರು ಬಂದಿಲ್ಲ! ಮ್ಯಾನೇಜರು ಎಲ್ಲರೆದುರು ನನ್ನ ಬೆನ್ನು ತಟ್ಟಿದರು. ಮುಂದಿನ ಪೆಟ್ಟಿಗೆ ಮೂವತ್ತೆರಡು ಬೆಡ್ಡಿಗೆ. ನಿನ್ನ ಕಾಗದವನ್ನು ಲ್ಯಾಬಿನ ಗೋಡೆಗೆ ಅಂಟಿಸಿದ್ದೇನೆ, 'ಎಂಥ ಮೌನ ಅಂತೀಯ' ಎಂಬ ಸಾಲಿನ ಕೆಳಗೆ ಗೆರೆ ಎಳೆದು.

ಆ ಹಠಮಾರಿ ಮುದುಕನಿಗೆ ನನ್ನದೊಂದು ನಮಸ್ಕಾರ ಹೇಳು. ಅಪ್ಪನಿಗೆ ಜೂನಿನಲ್ಲಿ ಬರುತ್ತೇನೆ ಎಂದು ತಿಳಿಸು.

ನಿನ್ನ ತಮ್ಮ

೧೯ ಮೇ

ತಮ್ಮಾ,

ನೀನು ಬಂದು, ಅಪ್ಪನನ್ನು ಕಳಿಸಿಕೊಟ್ಟು, ಎರಡೇ ದಿನಕ್ಕೆ ಹೊರಟುಬಿಟ್ಟೆ. ಮನೆ ತುಂಬ ಜನ ಇದ್ದರು. ಯಾರೂ ಇಲ್ಲದ ಹೊತ್ತಿನಲ್ಲಿ ನೀನು ಅಂಗಡಿಯಲ್ಲಿ ಅಪ್ಪನ ಹೊಲಿಗೆ ಮಿಷನ್ನಿನ ಮುಂದೆ ಕೂತಿರುತ್ತಿದ್ದೆ. ಹೇಗಾಯಿತು ಎಂದು ನೀನು ಕೇಳಲಿಲ್ಲ, ಹೇಳಲು ನನಗೂ ಬಾಯಿ ಬರಲಿಲ್ಲ. ಈಗ ಬರೆಯುತ್ತೇನೆ.

ಏಪ್ರಿಲಿನಲ್ಲಿ ಬರೆದಿದ್ದೆನಲ್ಲ, ಹದಿನಾರನೇ ಬೆಡ್ಡಿನ ಮುದುಕ, ಅದು ಅಪ್ಪ. ನಿನಗೆ ಹೇಳಬಾರದೆಂದು ಆಣೆ ಹಾಕಿಸಿಕೊಂಡಿದ್ದರು. ಆಣೆ ಮುರಿಯದೆ ನಿನಗೆ ತಿಳಿಸಲು ನನಗೆ ಬೇರೆ ದಾರಿ ಕಾಣಲಿಲ್ಲ. ಹೊಲಿಗೆ ನೋಡಿ ಬೈಯುವ ಮುದುಕ ಎಂದು ಬರೆದರೆ ಸಾಕು, ಮರುದಿನವೇ ರೈಲು ಹತ್ತುತ್ತಾನೆ ಅಂದುಕೊಂಡೆ. ನೀನು ನಮಸ್ಕಾರ ಕಳಿಸಿದೆ. ಓದಿ ಹೇಳಿದೆ. 'ನೋಡ್ದ್ಯಾ, ಅವನಿಗೆ ಗೊತ್ತಾಗ್ಲಿಲ್ಲ, ಒಳ್ಳೇದೇ ಆಯ್ತು' ಅಂದರು. ಆಮೇಲೆ ಕಿಟಕಿಯ ಕಡೆ ತಿರುಗಿಕೊಂಡರು.

ಪರೀಕ್ಷೆ ಮುಗಿಸಿ ಒಮ್ಮೆ ಮನೆಗೆ ಬಂದು, ಮೇ ಮೊದಲ ವಾರ ಮತ್ತೆ ಸೇರಿದ್ದರು. ಅದೇ ಬೆಡ್ ಕೊಡಿಸಿದೆ. ಒಂಬತ್ತನೇ ತಾರೀಖು ಬಣ್ಣದ ಕಾರ್ಖಾನೆಯಲ್ಲಿ ಬಾಯ್ಲರ್ ಸಿಡಿದು ಮಧ್ಯಾಹ್ನ ಎರಡು ಗಂಟೆಗೆ ಎಂಟು ಜನರನ್ನು ಒಟ್ಟಿಗೆ ತಂದರು. ಮೊದಲ ಎಂಟು ಬೆಡ್ ಖಾಲಿ ಮಾಡಿಸಿ ಅವರನ್ನು ಹಾಕಿದೆವು. ಹೊಸ ಮಾನಿಟರುಗಳೆಲ್ಲ ಶುರುವಾದವು. ಸುಟ್ಟ ಬಟ್ಟೆಯನ್ನು ಕತ್ತರಿಸಿ ತೆಗೆಯುವುದು, ಡ್ರಿಪ್ ಹಾಕುವುದು, ನಿನಗೆ ಅದೆಲ್ಲ ಬೇಡ. ಕೈ ಬಿಡುವಾದಾಗಲೆಲ್ಲ ತಲೆಯೆತ್ತಿ ಪರದೆ ನೋಡುತ್ತಿದ್ದೆ. ಹದಿನಾರು: ಎಪ್ಪತ್ತೆರಡು. ಎರಡೂ ನಲವತ್ತಕ್ಕೆ ನೋಡಿದೆ, ಎಪ್ಪತ್ತೆರಡು. ಮೂರಕ್ಕೆ ನೋಡಿದೆ, ಎಪ್ಪತ್ತೆರಡು. 'ಸದ್ಯ, ಅಪ್ಪನಾದರೂ ಇವತ್ತು ಸುಮ್ಮನಿದ್ದಾರೆ' ಅಂದುಕೊಂಡೆ.

ಮೂರೂ ಇಪ್ಪತ್ತಕ್ಕೆ ಹೋದೆ. ಕೈ ತಣ್ಣಗಿತ್ತು. ತಲೆಯ ಹತ್ತಿರದ ಮಾನಿಟರಿನಲ್ಲಿ ಗೆರೆ ಮಲಗಿತ್ತು, ಕೆಂಪು ದೀಪ ಸದ್ದಿಲ್ಲದೆ ಮಿನುಗುತ್ತಿತ್ತು. ಅದರ ಸದ್ದನ್ನು ನಾನೇ ಆರಿಸಿದ್ದೆ. ಕಿರುಚಿಕೊಂಡೆ. ಡಾಕ್ಟರು ಬಂದು ಎದೆ ಒತ್ತಿದರು, ಏನೂ ಆಗಲಿಲ್ಲ. ನಾನು ಟೇಬಲ್ಲಿಗೆ ಓಡಿಬಂದು ಪರದೆ ನೋಡಿದೆ. ಆಗಲೂ ಎಪ್ಪತ್ತೆರಡು. ಹಸಿರು ಗೆರೆ ಆಡುತ್ತಿರಲಿಲ್ಲ, ಬರೆದಿಟ್ಟ ಹಾಗೆ ನಿಂತಿತ್ತು. ಇದನ್ನು ನಾನು ಮೊದಲೇ ಯಾಕೆ ನೋಡಲಿಲ್ಲ ತಮ್ಮಾ? ಇಪ್ಪತ್ತೆರಡು ವರ್ಷ ನರ್ಸ್ ಕೆಲಸ ಮಾಡಿದ್ದೇನೆ.

ಅದು ಯಾಕೆ ಹಾಗೆ ನಿಂತಿತ್ತು? ನಿನಗೆ ಗೊತ್ತಿರಬೇಕು, ಹೇಳು.

ಅಕ್ಕ

೯ ಜೂನ್

ಅಕ್ಕಾ,

ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಕೆಲಸ ಬಹಳ.

ನಿನ್ನ ತಪ್ಪೇನೂ ಇಲ್ಲ. ಎಂಟು ಜನರ ಪ್ರಾಣ ನಿನ್ನ ಕೈಯಲ್ಲಿತ್ತು. ಕ್ಲಿಪ್ ಜಾರಿರಬಹುದು, ಯಾವ ಮಿಷನ್ನಿನಲ್ಲಾದರೂ ಏನಾದರೂ ಒಂದು ಆಗುತ್ತದೆ. ಅಪ್ಪನಿಗೆ ವಯಸ್ಸಾಗಿತ್ತು, ಎದೆಯೂ ಸರಿಯಿರಲಿಲ್ಲ. ವಿಚಾರಣೆ ಅಂತ ಏನಾದರೂ ಇಟ್ಟರೆ ಅವರೊಡನೆ ವಾದಕ್ಕೆ ಹೋಗಬೇಡ. ಕೇಳಿದ ಕಡೆ ಸಹಿ ಹಾಕಿ ಮುಗಿಸಿಬಿಡು. ಅವರೂ ಮುಂದೆ ಎಳೆಯಲಾರರು.

ಊಟ ಸರಿಯಾಗಿ ಮಾಡು.

ತಮ್ಮ

೧೬ ಜೂನ್

ವಿಚಾರಣೆ ಮುಗಿದು ಹತ್ತು ದಿನವಾಯಿತು. ನಿನ್ನ ಬುದ್ಧಿಮಾತು ತಡವಾಗಿ ಬಂತು.

ನಿಮ್ಮ ಕಂಪನಿಯಿಂದ ಇಬ್ಬರು ಬಂದಿದ್ದರು. ವಾರ್ಡಿನಲ್ಲಿ ಮೂರೇ ಪೇಷಂಟು ಇದ್ದ ದಿನ ಬಂದು ಪೆಟ್ಟಿಗೆ ಬಿಚ್ಚಿ ನೋಡಿ, 'ಎಲ್ಲಾ ಸರಿಯಾಗೇ ಇದೆ' ಎಂದು ಬರೆದುಕೊಟ್ಟು ಹೋದರು. ಆಮೇಲೆ ಕಮಿಟಿಯವರು ಮೂವರು ನನ್ನನ್ನು ಮೇಜಿನ ಆಚೆ ನಿಲ್ಲಿಸಿಕೊಂಡು ಓದಿದರು: ಬೆಡ್ಡಿನ ಅಲಾರಂ ಆರಿಸಿದ್ದು ನರ್ಸ್. ಒಂದು ಗಂಟೆ ಇಪ್ಪತ್ತು ನಿಮಿಷ ಬೆಡ್ಡಿನ ಹತ್ತಿರ ಹೋಗದೆ ಇದ್ದದ್ದು ನರ್ಸ್. ಸತ್ತವರು ನರ್ಸಿನ ತಂದೆಯೇ ಆದ್ದರಿಂದ ಪೊಲೀಸಿಗೆ ಹೇಳುವುದಿಲ್ಲವಂತೆ, ಅದು ಅವರ ಉಪಕಾರ. ನನ್ನನ್ನು ವಾರ್ಡಿನಿಂದ ತೆಗೆದು ಬಟ್ಟೆ ಸ್ಟೋರಿಗೆ ಹಾಕಿದ್ದಾರೆ. ಬೆಳಗ್ಗೆಯಿಂದ ಸಂಜೆವರೆಗೆ ಬೆಡ್‌ಶೀಟ್ ಎಣಿಸುತ್ತೇನೆ. ಒಂದೊಂದರ ಹೊಲಿಗೆ ನೋಡಿದಾಗಲೂ ಅಪ್ಪ ಬೈಯುವುದು ಕೇಳಿಸುತ್ತದೆ.

ಒಂದು ವಿಷಯ. ಎಪ್ಪತ್ತೆರಡು ಎಂದು ನಾನು ನಿನಗೆ ನಾಲ್ಕು ನಾಲ್ಕು ಸಲ ಬರೆದೆ. ನೀನು ಆ ಸುದ್ದಿಯನ್ನೇ ಎತ್ತಿಲ್ಲ. ಕ್ಲಿಪ್ ಜಾರಿದರೆ ಅಂಕಿ ಹೋಗುತ್ತದೆ, ನಿಲ್ಲುವುದಿಲ್ಲ, ಅಷ್ಟು ನನಗೂ ಗೊತ್ತು. ಊಟ ಮಾಡು ಅಂತೀಯ, ಸಹಿ ಹಾಕು ಅಂತೀಯ. ನಿನಗೆ ನೆನಪಿದೆಯೇ, ನೀನು ಏಳು ವರ್ಷದವನಿದ್ದಾಗ ಅಪ್ಪನ ದೊಡ್ಡ ಕತ್ತರಿಯಲ್ಲಿ ತಂತಿ ಕತ್ತರಿಸಿ ಅದರ ಬಾಯಿ ಮುರಿದಿದ್ದೆ. ಅಪ್ಪ ಕೇಳಿದಾಗ ನೀನು ಸುಮ್ಮನೆ ನನ್ನ ತಟ್ಟೆಗೆ ನಿನ್ನ ಪಾಲಿನ ತಿಂಡಿ ಹಾಕಿ, 'ಅಕ್ಕಾ, ತಿನ್ನು' ಅಂದೆ. ಏಟು ತಿಂದವಳು ನಾನು. ನಿನ್ನ ಈ ಕಾಗದ ಓದುವಾಗ ಅದೇ ತಟ್ಟೆ ಕಣ್ಣ ಮುಂದೆ ಬಂತು.

ನಾನು ಅಪ್ಪನನ್ನು ಕೊಂದೆನೇ, ಇಲ್ಲವೇ? ಇಷ್ಟು ಹೇಳು ಸಾಕು. ಬೇರೇನೂ ಬರೆಯಬೇಡ.

೨೪ ಜೂನ್

ಅಕ್ಕಾ,

ಇಲ್ಲ. ನಾನು.

ಮೇ ೧೯ರ ನಿನ್ನ ಕಾಗದ ಕೈಗೆ ಬಂದ ಗಳಿಗೆಯಲ್ಲೇ ಗೊತ್ತಾಯಿತು. 'ಹದಿನಾರು' ಎಂದು ಓದಿದೆ. ಹೊಸ ಮಾನಿಟರುಗಳು ಹಳೆಯವಕ್ಕಿಂತ ಎಷ್ಟೋ ಹೆಚ್ಚು ಸುದ್ದಿ ಕಳಿಸುತ್ತವೆ. ಲ್ಯಾಬಿಗೆ ಹೋಗಿ ಮೊದಲ ಎಂಟು ಕೇಬಲ್ಲಿಗೆ ಅಷ್ಟೇ ಸುದ್ದಿ ಸುರಿಸಿದೆ. ನೀನು ಕಂಡದ್ದೇ ನನಗೂ ಕಂಡಿತು. ಸುತ್ತು ಒಂದನೇ ಬೆಡ್ಡಿನಿಂದ ಹೊರಡುತ್ತದೆ. ಮೊದಲ ಎಂಟು ಬೆಡ್ಡುಗಳ ಸುದ್ದಿ ಎತ್ತುವಷ್ಟರಲ್ಲಿ ಮಿತಿ ಮುಗಿಯುತ್ತದೆ. ಪರದೆಗೆ ದಾರಿ ಬಿಟ್ಟು ಮತ್ತೆ ಸುತ್ತು, ಮತ್ತೆ ಒಂದನೇ ಬೆಡ್ಡಿನಿಂದಲೇ. ಅಷ್ಟರಲ್ಲಿ ಆ ಎಂಟೂ ಮತ್ತೆ ತುಂಬಿರುತ್ತವೆ. ಒಂಬತ್ತು, ಹತ್ತರವರೆಗೆ ಒಮ್ಮೊಮ್ಮೆ ಮುಟ್ಟುತ್ತದೆ. ಹದಿನಾರಕ್ಕೆ ಒಂದು ಸಲವೂ ಇಲ್ಲ. ಸೆಕೆಂಡಿಗೆ ಸಾವಿರ ಸುತ್ತು, ಸಾವಿರವೂ ಅಷ್ಟರಲ್ಲೇ ನಿಂತವು. ಕೂಗನ್ನೂ ಮುಚ್ಚಿಟ್ಟಿದ್ದೆ, ಆದ್ದರಿಂದ ಅಪ್ಪನ ಕೇಬಲ್ ಕೂಗಿದರೂ ಕೇಳುವವರಿಲ್ಲ. ಅಲ್ಲಿ ಸುದ್ದಿ ತುಂಬಿ ತುಳುಕಿ ಬಿದ್ದುಹೋಯಿತು. ಪರದೆ ಕೊನೆಗೆ ಸಿಕ್ಕಿದ್ದ ಎಪ್ಪತ್ತೆರಡನ್ನೇ ಹಿಡಿದು ನಿಂತಿತು.

ನೀನು ಫೆಬ್ರವರಿಯಲ್ಲೇ ಬರೆದಿದ್ದೆ: ನಿಂತಲ್ಲಿ ಪಟ್ಟಿ ಕಟ್ಟು, ಮುಂದಿನ ಸುತ್ತು ಅಲ್ಲಿಂದ. ನಾನು ಮೂಗಿನ ಕಥೆಗೆ ನಗುತ್ತಾ ಆ ಸಾಲನ್ನು ದಾಟಿಬಿಟ್ಟೆ. ದೊಡ್ಡ ಸಿಸ್ಟರ್ ಅದನ್ನೇ ಬಿಡಿಸಿ ಕೇಳಿದರು, ಅವರಿಗೇನು ಗೊತ್ತು ಎಂದು ಮಂಡಿಯ ಮೇಲೆ ತಮಾಷೆ ಮಾಡಿದೆ. ಪಟ್ಟಿ ಕಟ್ಟುವುದೆಂದರೆ ನನ್ನ ಕೆಲಸದಲ್ಲಿ ಒಂದೇ ಸಾಲು ಅಕ್ಕಾ. ಎಲ್ಲಿ ನಿಂತೆ ಎಂದು ಒಂದು ಅಂಕಿ ಬರೆದಿಟ್ಟುಕೊಳ್ಳುವುದು. ಹಳೆಯ ಅಂಕಿಯನ್ನು ಅಷ್ಟು ಹೊತ್ತು ತೋರಿಸದೆ ಅಳಿಸಿಹಾಕುವುದು ಇನ್ನೊಂದು ಸಾಲು. ಎರಡನ್ನೂ ಬರೆಯಲಿಲ್ಲ. ಹದಿನಾರನೇ ಕೇಬಲ್ಲಿನಲ್ಲಿ ಸುದ್ದಿ ಬೀಳುವುದನ್ನು ಮಾರ್ಚಿನಲ್ಲೇ ಕಣ್ಣಾರೆ ನೋಡಿದ್ದೆ. ಕೇಬಲ್ ಕೆಟ್ಟಿದೆ ಎಂದು ನನಗೆ ನಾನೇ ಹೇಳಿಕೊಂಡೆ, ತಾರೀಖು ತಪ್ಪಬಾರದಿತ್ತು.

ಹೊಲಿಗೆ ನೋಡಿ ಬೈಯುವ ಮುದುಕರು ಈ ಲೋಕದಲ್ಲಿ ಎಷ್ಟು ಜನ ಇದ್ದಾರೆ? ಅದನ್ನೂ ಓದಿ ಗುರುತು ಹಿಡಿಯಲಿಲ್ಲ.

ಇದೆಲ್ಲ ಗೊತ್ತಾದ ಮೇಲೂ ಸುಮ್ಮನಿದ್ದೆ. ಮ್ಯಾನೇಜರು ಬಾಗಿಲು ಹಾಕಿ, 'ಯಾರಿಗೂ ಬರೀಬೇಡಿ, ಮುಂದಿನ ಪೆಟ್ಟಿಗೇಲಿ ಸರಿ ಮಾಡೋಣ' ಅಂದರು. ತಲೆಯಾಡಿಸಿದೆ. ನಿನಗೆ ಸಹಿ ಹಾಕು ಎಂದು ಬರೆದದ್ದು ಅದೇ ಸಂಜೆ. ಮುಖಕ್ಕೆ ಉಗಿ ಅಕ್ಕಾ. ಸುಮಾರು ಒಂದು ತಿಂಗಳು ಬಾಯಿ ಮುಚ್ಚಿಕೊಂಡಿದ್ದೆ. ಅಷ್ಟು ದಿನದಲ್ಲಿ ಮಿಕ್ಕ ಹದಿನೆಂಟು ಆಸ್ಪತ್ರೆಗಳ ಕೊನೆಯ ಬೆಡ್ಡಿನಲ್ಲಿ ಯಾರು ಮಲಗಿದ್ದರು, ಏನಾದರು, ನನಗೆ ಗೊತ್ತಿಲ್ಲ. ಕೇಳಲು ಧೈರ್ಯವಾಗಿಲ್ಲ.

ನಿನ್ನೆ ಹತ್ತೊಂಬತ್ತು ಆಸ್ಪತ್ರೆಗಳಿಗೂ ನಾನೇ ಬರೆದೆ: ಪೆಟ್ಟಿಗೆ ಆರಿಸಿ, ಬೆಡ್ಡಿನ ಅಲಾರಂ ಹಾಕಿ. ಇವತ್ತು ಕೆಲಸದಿಂದ ತೆಗೆದರು. ಈ ಲಕೋಟೆಯಲ್ಲಿ ಇನ್ನೊಂದು ಹಾಳೆ ಇದೆ, ನಡೆದದ್ದೆಲ್ಲ ಬರೆದು ಸಹಿ ಹಾಕಿದ್ದೇನೆ. ಅದನ್ನು ನಿನ್ನ ಕಮಿಟಿಯವರ ಮೇಜಿನ ಮೇಲಿಡು. ಕರೆದರೆ ಬಂದು ಅವರೆದುರಿಗೇ ನಿಂತು ಹೇಳುತ್ತೇನೆ.

ಈ ಸಲ ಕತ್ತರಿ ಮುರಿದದ್ದು ನಾನೇ ಎಂದು ಹೇಳಲು ಅಪ್ಪ ಇಲ್ಲ. ನನ್ನನ್ನು ಕ್ಷಮಿಸುತ್ತೀಯಾ?

ತಮ್ಮ

೩೦ ಜುಲೈ

ತಮ್ಮಾ,

ನಿನ್ನ ಹಾಳೆ ಕೊಟ್ಟೆ. ಕಮಿಟಿಯವರು ಎರಡು ಸಲ ಓದಿಕೊಂಡರು. ಒಬ್ಬರು, 'ಇವನು ನಿಮ್ಮ ತಮ್ಮನೇ ಏನಮ್ಮಾ?' ಎಂದು ಕೇಳಿದರು. ಹೌದು ಅಂದೆ. ಆಮೇಲೆ ಯಾರೂ ನನ್ನ ಮುಖ ನೋಡಲಿಲ್ಲ. ನಿನ್ನನ್ನು ಸೆಪ್ಟೆಂಬರಿನಲ್ಲಿ ಕರೆಸುತ್ತಾರಂತೆ. ನನ್ನನ್ನು ವಾರ್ಡಿಗೆ ವಾಪಸು ಹಾಕಿದ್ದಾರೆ. ಪೆಟ್ಟಿಗೆಯ ಮೇಲೆ ಬಟ್ಟೆ ಮುಚ್ಚಿದೆ. ಅಲಾರಂಗಳೆಲ್ಲ ಮತ್ತೆ ಕೂಗುತ್ತಿವೆ, ನಾನು ಮತ್ತೆ ಓಡುತ್ತಿದ್ದೇನೆ.

ಕ್ಷಮಿಸುತ್ತೀಯಾ ಎಂದು ನೀನು ಕೇಳಿದ್ದೆ. ಆಮೇಲೆ ಶನಿವಾರ ಶನಿವಾರ ಒಂದೊಂದು ಕಾಗದ ಹಾಕಿ ಅದನ್ನೇ ಕೇಳಿದೆ. ಐದೂ ಬಂದಿವೆ. ಇಲ್ಲ ಕಣೋ, ಆಗುತ್ತಿಲ್ಲ. ಪೆಟ್ಟಿಗೆಯನ್ನು ಬೇಕಾದರೆ ಹೊಟ್ಟೆಗೆ ಹಾಕಿಕೊಳ್ಳುತ್ತೇನೆ. ತಪ್ಪು ಯಾರ ಕೈಯಲ್ಲೂ ಆಗುತ್ತದೆ, ನನ್ನ ಕೈಯಲ್ಲೂ ಆಗಿದೆ. ಬೆಡ್ಡಿನ ಅಲಾರಂ ಆರಿಸಿದ್ದು ನಾನೇ, ನಿನ್ನ ಹಾಳೆಯಲ್ಲಿ ಏನು ಬರೆದಿದ್ದರೂ ಅದು ಅಳಿಸುವುದಿಲ್ಲ. ಆದರೆ ಗೊತ್ತಿದ್ದೂ ನನಗೆ ಸಹಿ ಹಾಕು ಅಂದೆಯಲ್ಲ. ಅದನ್ನು ಎಲ್ಲಿಡಲಿ? ಇನ್ನು ವಾರವಾರ ಕೇಳಬೇಡ. ಹೇಳಬೇಕು ಅನ್ನಿಸಿದ ದಿನ ನಾನೇ ಬರೆಯುತ್ತೇನೆ. ಅಂಥ ದಿನ ಬರದೆಯೂ ಇರಬಹುದು.

ವಾರ್ಡಿಗೆ ವಾಪಸು ಬಂದ ಮೊದಲ ಬೆಳಗ್ಗೆ ಡ್ರಾಯರಿನಿಂದ ಕೆಂಪು ಪಟ್ಟಿ ತೆಗೆದೆ. ಒಂದು ಕಡೆ ಅಂಚಿನ ದಾರ ಬಿಚ್ಚಿತ್ತು, ಅಪ್ಪನ ಅಂಗಡಿಯ ಸೂಜಿಯಲ್ಲೇ ಹೊಲಿದು ಸರಿ ಮಾಡಿದೆ. ಹೊಲಿಗೆ ಸೊಟ್ಟಗೆ ಬಂತು, ಅವರಿದ್ದಿದ್ದರೆ ಬೈಯುತ್ತಿದ್ದರು. ಅದನ್ನು ಹದಿನಾರನೇ ಬೆಡ್ಡಿನ ಕಂಬಿಗೆ ಕಟ್ಟಿದ್ದೇನೆ. ಸುತ್ತು ಎಲ್ಲೇ ನಿಲ್ಲಲಿ, ಈಗ ಅದನ್ನು ಅಲ್ಲಿಂದ ಬಿಚ್ಚಲು ಯಾರಿಗೂ ಕೈ ಬರುತ್ತಿಲ್ಲ.

ನಿನ್ನೆ ಆ ಬೆಡ್ಡಿಗೆ ಒಬ್ಬ ಹೆಂಗಸು ಬಂದರು. ಶಾಲೆಯ ಟೀಚರಂತೆ. ಕೂತ ಕೂಡಲೇ ಪಟ್ಟಿ ಮುಟ್ಟಿ ನೋಡಿ, 'ಇದ್ಯಾಕೆ ಸಿಸ್ಟರ್ ಇಲ್ಲಿ ಕಟ್ಟಿದೀರಾ? ಕೊನೇ ಬೆಡ್ ಅಂತ ಗುರುತಿಗಾ?' ಎಂದು ಕೇಳಿದರು.

'ಅಲ್ಲಮ್ಮಾ,' ಅಂದೆ. 'ನಮ್ಮ ರೌಂಡ್ಸ್ ಇಲ್ಲಿಂದ ಶುರು.' ಆಮೇಲೆ ಅವರ ಕೈ ಹಿಡಿದು ನಾಡಿ ಎಣಿಸಿದೆ. ಎಪ್ಪತ್ತೆರಡು ಬಂತು. ನಂಬಿಕೆಯಾಗಲಿಲ್ಲ, ಇನ್ನೊಮ್ಮೆ ಎಣಿಸಿದೆ.

ಅಕ್ಕ